ಬದಿಕವಾಟದ ಹಳೆಯ ಎಂಜಿನ್: ಅದರ ರಚನೆ, ರೋಗ ಮತ್ತು ಜೀರ್ಣೋದ್ಧಾರ



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಆತ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಇಲ್ಲವೇ ಈ ದೇಶದ ಮೋಡದ ಅಡಿಯಲ್ಲಿ ನಮ್ಮವರಿಗೆ ಕೊರತೆಯಾಗುವ ‘ಡಿ’ ಜೀವಸತ್ವದ ವಿಷಯವನ್ನು ಕುರಿತು ಮಾತನಾಡುವನೆಂದು ನಿರೀಕ್ಷಿಸುವುದು ಸಹಜವಾದುದೇ. ಆದರೆ ಸಂಘದ ಕಾರ್ಯದರ್ಶಿಗಳು ವಿಷಯದ ಆಯ್ಕೆಯನ್ನು ನಮಗೇ ಬಿಟ್ಟಿರುವುದರಿಂದ, ಕೆಲವು ವರ್ಷಗಳಿಂದ ನಮ್ಮ ಬಿಡುವಿನ ವೇಳೆಯನ್ನೆಲ್ಲ ಆಕ್ರಮಿಸಿಕೊಂಡಿರುವ ಬೇರೊಂದು ಬಗೆಯ ರೋಗಿಯನ್ನು ತಮ್ಮ ಮುಂದೆ ಇರಿಸಲು ಬಯಸುತ್ತೇವೆ. ಈ ರೋಗಿಗೂ ಕವಾಟಗಳಿವೆ, ಅವು ಸೋರುತ್ತವೆ, ಸೋರಿಕೆಯನ್ನು ನಾವು ಸ್ಟೆತಸ್ಕೋಪಿನಿಂದಲೇ ಪತ್ತೆಹಚ್ಚುತ್ತೇವೆ. ವೈದ್ಯನಿಗೂ ಮೋಟಾರ್ ಸೈಕಲ್‌ಗೂ ಏನು ಸಂಬಂಧ ಎಂದು ಕೇಳುವವರಿಗೆ, 1888ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಜಾನ್ ಬಾಯ್ಡ್ ಡನ್‌ಲಪ್ ವೃತ್ತಿಯಿಂದ ಪಶುವೈದ್ಯರಾಗಿದ್ದರು ಎಂಬುದನ್ನು ನೆನಪಿಸಿದರೆ ಸಾಕು.

ಊರಿನಲ್ಲಿ ನಾವೆಲ್ಲ ಮೂರು ಬಗೆಯ ಎಂಜಿನ್‌ಗಳನ್ನು ಕಂಡವರು. ಮೊದಲನೆಯದು ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ 1960ರ ದಶಕದ ಆರಂಭದಿಂದ 1996ರವರೆಗೆ ಹೊರಬಂದ ಜಾವಾ ಮತ್ತು ಯೆಜ್ಡಿಗಳದು. ಅದು ಟೂ ಸ್ಟ್ರೋಕ್. ಅದಕ್ಕೆ ಕವಾಟಗಳೇ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ ತಾನು ಏರಿಳಿಯುವಾಗ ತೆರೆದು ಮುಚ್ಚುತ್ತದೆ. ಎರಡನೆಯದು 1955ರಿಂದ ಮದರಾಸಿನಲ್ಲಿ ತಯಾರಾದ ಬುಲೆಟ್. ಅದರಲ್ಲಿ ಎರಡು ಕವಾಟಗಳು ಸಿಲಿಂಡರಿನ ತಲೆಯಿಂದ ಕೆಳಮುಖವಾಗಿ ತೂಗುತ್ತವೆ; ಕೆಳಗಿರುವ ಕ್ಯಾಮ್ ಉದ್ದನೆಯ ಸಲಾಕೆಗಳ ಮೂಲಕ ಅವನ್ನು ಮೇಲಿನಿಂದ ಒತ್ತಿ ತೆರೆಯುತ್ತದೆ. ಮೂರನೆಯದನ್ನು ಬಹುಶಃ ಯಾರೂ ಬಿಚ್ಚಿ ನೋಡಿರಲಾರರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ‘ಡಿಸ್ಪೋಸಲ್’ ಮಾಲಾಗಿ ಬಂದು ಮಲೆನಾಡಿನ ಕಾಫಿ ತೋಟಗಳನ್ನು ಸೇರಿದ ಯುದ್ಧಕಾಲದ ವಿಲ್ಲಿಸ್ ಜೀಪಿನ ಎಂಜಿನ್ ಅದು. ನಾಲ್ಕು ಸಿಲಿಂಡರ್, 2.2 ಲೀಟರ್, 60 ಅಶ್ವಶಕ್ತಿ. ಅದರ ಕವಾಟಗಳು ಸಿಲಿಂಡರಿನ ಮೇಲೂ ಇಲ್ಲ, ಒಳಗೂ ಇಲ್ಲ. ಅದರ ಮಗ್ಗುಲಲ್ಲಿ, ತಲೆ ಮೇಲಾಗಿ ನಿಂತಿವೆ. ಇದನ್ನೇ ಇಂಗ್ಲಿಷರು ಸೈಡ್ ವಾಲ್ವ್ ಎಂದೂ ಅಮೆರಿಕದವರು ಫ್ಲಾಟ್‌ಹೆಡ್ ಎಂದೂ ಕರೆದರು. ನಾವು ಬದಿಕವಾಟದ ಎಂಜಿನ್ ಎನ್ನೋಣ.

ಇದರ ರಚನೆಯ ಸರಳತೆ ಬೆರಗು ಹುಟ್ಟಿಸುವಂಥದು. ಎರಕದ ಕಬ್ಬಿಣದ ಒಂದೇ ತುಂಡಿನಲ್ಲಿ ಸಿಲಿಂಡರೂ ಅದರ ಪಕ್ಕದಲ್ಲಿ ಎರಡು ಕವಾಟಗಳ ಪೀಠಗಳೂ ಇರುತ್ತವೆ. ಕವಾಟದ ಕಾಂಡ ನೇರವಾಗಿ ಕೆಳಗಿಳಿದು ಟ್ಯಾಪೆಟ್ ಎಂಬ ಚಿಕ್ಕ ಕಂಬದ ಮೇಲೆ ನಿಲ್ಲುತ್ತದೆ. ಟ್ಯಾಪೆಟ್ಟನ್ನು ಕ್ಯಾಮ್ ಎತ್ತುತ್ತದೆ, ಸ್ಪ್ರಿಂಗು ಇಳಿಸುತ್ತದೆ, ಅಷ್ಟೇ. ಮೇಲಿನ ಹೆಡ್ ಎಂಬುದು ಪಾತ್ರೆಯ ಮುಚ್ಚಳದಂತೆ ಕೇವಲ ಒಂದು ಲೋಹದ ಹಲಗೆ, ಅದರ ಒಳಮೈಯಲ್ಲಿ ತುಸು ಗುಳಿ. ಅದರಲ್ಲಿ ಚಲಿಸುವ ಭಾಗ ಒಂದೂ ಇಲ್ಲ. ಬೋಲ್ಟುಗಳನ್ನು ಬಿಚ್ಚಿ ಮುಚ್ಚಳ ಎತ್ತಿದರೆ ಪಿಸ್ಟನ್ನೂ ಎರಡು ಕವಾಟಗಳೂ ಕಣ್ಣ ಮುಂದೆ. ಹೃದಯವನ್ನು ತೆರೆಯುವುದು ಇಷ್ಟು ಸುಲಭವಾಗಿದ್ದರೆ ನಮ್ಮ ಶಸ್ತ್ರವೈದ್ಯ ಮಿತ್ರರು ಇಷ್ಟೊಂದು ಗಂಭೀರವಾಗಿ ಓಡಾಡುತ್ತಿರಲಿಲ್ಲ.

ಸರಳತೆಗೆ ತೆರಬೇಕಾದ ಬೆಲೆಯೂ ಉಂಟು. ಇಂಧನ ಉರಿಯುವ ಕೋಣೆ ಸಿಲಿಂಡರಿನ ಮೇಲೆ ಅಡಕವಾಗಿರದೆ ಪಕ್ಕಕ್ಕೆ ಚಾಚಿಕೊಂಡಿರುವುದರಿಂದ, ತಲೆಕೆಳಗಾದ ‘ಎಲ್’ ಅಕ್ಷರದಂತೆ ಉದ್ದವೂ ಚಪ್ಪಟೆಯೂ ಆಗುತ್ತದೆ. ಬೆಂಕಿ ಒಂದು ಮೂಲೆಯಲ್ಲಿ ಹೊತ್ತಿ ಇನ್ನೊಂದು ಮೂಲೆಯನ್ನು ತಲುಪುವ ಮೊದಲೇ ಅಲ್ಲಿನ ಅನಿಲ ಒತ್ತಡಕ್ಕೂ ಕಾವಿಗೂ ಸಿಕ್ಕಿ ತಾನಾಗಿಯೇ ಸಿಡಿಯುತ್ತದೆ. ಸುತ್ತಿಗೆಯಿಂದ ಹೊಡೆದಂಥ ಈ ಶಬ್ದವೇ ‘ನಾಕಿಂಗ್’. ಇದನ್ನು ತಪ್ಪಿಸಲು ಅನಿಲವನ್ನು ಹೆಚ್ಚು ಒತ್ತುವಂತಿಲ್ಲ. ಈಗಿನ ಎಂಜಿನ್‌ಗಳು ಹತ್ತು ಪಟ್ಟು, ಅದಕ್ಕೂ ಮಿಗಿಲಾಗಿ ಒತ್ತುವಲ್ಲಿ ಇವು ಐದಾರು ಪಟ್ಟಿಗೇ ತೃಪ್ತಿಪಡಬೇಕಾಯಿತು. ಈ ಶಾಸ್ತ್ರವನ್ನು ಬಿಡಿಸಿ ತೋರಿಸಿದವರು ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ. ಕೋಣೆಯ ಬಹುಭಾಗವನ್ನು ಕವಾಟಗಳ ಮೇಲಕ್ಕೆ ಸರಿಸಿ, ಉಳಿದ ಕಡೆ ಹೆಡ್ಡನ್ನು ಪಿಸ್ಟನ್ನಿಗೆ ಮುಟ್ಟುವಷ್ಟು ತಗ್ಗಿಸಿದರೆ, ಪಿಸ್ಟನ್ ಮೇಲೆ ಬರುವಾಗ ಆ ಇಕ್ಕಟ್ಟಿನ ಅನಿಲ ರಭಸದಿಂದ ಚಿಮ್ಮಿ ಸುಳಿಯಾಗುತ್ತದೆ, ಸುಳಿಯಲ್ಲಿ ಬೆಂಕಿ ಬೇಗ ಹರಡುತ್ತದೆ ಎಂದು ಅವರು ಕಂಡುಕೊಂಡರು. 1919ರ ಈ ಒಂದು ಚಿಂತನೆಯಿಂದ ಬದಿಕವಾಟದ ಎಂಜಿನ್‌ಗೆ ಇನ್ನೊಂದು ನಲವತ್ತು ವರ್ಷಗಳ ಆಯುಸ್ಸು ದೊರೆಯಿತು ಎಂದರೆ ಅತಿಶಯವಲ್ಲ.

ನಾವು ನೆಲೆಸಿರುವ ಈ ದ್ವೀಪಕ್ಕೂ ಬದಿಕವಾಟಕ್ಕೂ ಇರುವ ನಂಟು ದೊಡ್ಡದು. ಕಾರ್ಕ್ ಕೌಂಟಿಯ ಬ್ಯಾಲಿನಸ್ಕಾರ್ಥಿ ಎಂಬ ಹಳ್ಳಿಯಲ್ಲಿ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರಿನ ಲೋಹದ ಪ್ರತಿಕೃತಿಯೊಂದಿದೆ. ಪಶ್ಚಿಮ ಕಾರ್ಕಿಗೆ ಪ್ರವಾಸ ಹೋದವರು ನೋಡಿರಬಹುದು. ಹೆನ್ರಿ ಫೋರ್ಡರ ತಂದೆ ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದವರು. ಮಗ 1917ರಲ್ಲಿ ಕಾರ್ಕ್ ನಗರದಲ್ಲೇ ಕಾರ್ಖಾನೆ ಸ್ಥಾಪಿಸಿದರು. 1919ರ ಜುಲೈ ತಿಂಗಳಲ್ಲಿ ಅಲ್ಲಿಂದ ಮೊದಲ ಫೋರ್ಡ್‌ಸನ್ ಟ್ರ್ಯಾಕ್ಟರ್ ಹೊರಬಂದಿತು. ಆ ಟ್ರ್ಯಾಕ್ಟರಿನದೂ ಮಾಡೆಲ್ ಟಿ ಕಾರಿನದೂ ಬದಿಕವಾಟದ ಎಂಜಿನ್‌ಗಳೇ. ಕಾರ್ಖಾನೆ 1984ರಲ್ಲಿ ಮುಚ್ಚಿತು. ಅದೇ ಕಾರ್ಕ್ ನಗರದ ಹೊರವಲಯದ ಕ್ಯಾರಿಗ್ರೋಹನ್ ರಸ್ತೆಯಲ್ಲಿ 1930ರ ನವೆಂಬರ್ 6ರಂದು ಜೋ ರೈಟ್ ಎಂಬವರು ಗಂಟೆಗೆ 150 ಮೈಲಿಗೂ ಮಿಗಿಲಾದ ವೇಗದಲ್ಲಿ ಓಡಿಸಿ ಮೋಟಾರ್ ಸೈಕಲ್‌ನ ವಿಶ್ವದಾಖಲೆ ಸ್ಥಾಪಿಸಿದರು. ಪ್ರದರ್ಶನದಲ್ಲಿ ಜನರಿಗೆ ತೋರಿಸಿದ ವಾಹನ ಒಂದು, ದಾಖಲೆ ಮುರಿದ ವಾಹನ ಮತ್ತೊಂದು ಎಂಬ ರಗಳೆ ಆಮೇಲೆ ಎದ್ದಿತು, ಅದಿರಲಿ. ಆ ಎಂಜಿನ್ ಬದಿಕವಾಟದ್ದಾಗಿರಲಿಲ್ಲ. ವೇಗದ ಕ್ಷೇತ್ರವನ್ನು ಬದಿಕವಾಟ ಅಷ್ಟರಲ್ಲೇ ಬಿಟ್ಟುಕೊಟ್ಟಿತ್ತು. ಅದಕ್ಕೆ ಉಳಿದದ್ದು ದುಡಿಮೆ.

ದುಡಿಮೆಯ ಮಾತು ಬಂದಾಗ ಎರಡು ಹೆಸರುಗಳು ಮೊದಲು ನೆನಪಾಗುತ್ತವೆ. ಒಂದು ನಾರ್ಟನ್ 16ಎಚ್: 490 ಸಿಸಿ, 1954ರವರೆಗೆ ತಯಾರಾಯಿತು. ಇನ್ನೊಂದು ಬಿಎಸ್ಎ ಎಂ 20: 1937ರಿಂದ 1955ರವರೆಗೆ. ವ್ಯಾಲ್ ಪೇಜ್ ಎಂಬ ವಿನ್ಯಾಸಕಾರರ ಕೃತಿಯಾದ ಇದರ ಸಿಲಿಂಡರಿನ ಒಳವ್ಯಾಸ 82 ಮಿಲಿಮೀಟರ್, ಪಿಸ್ಟನ್ನಿನ ಓಟ 94 ಮಿಲಿಮೀಟರ್, ಒಟ್ಟು 496 ಸಿಸಿ. ಇಷ್ಟು ದೊಡ್ಡ ಎಂಜಿನ್ ಕೊಡುತ್ತಿದ್ದುದು ಕೇವಲ 13 ಅಶ್ವಶಕ್ತಿ. ಈಗಿನ ಹುಡುಗರು ನಗಬಹುದು. ಆದರೆ ಯುದ್ಧಕಾಲದಲ್ಲಿ ಸೇನೆಗೆ ಪೂರೈಕೆಯಾದ ಎಂ 20ಗಳ ಸಂಖ್ಯೆ ಸುಮಾರು 1,26,000. ಮರುಭೂಮಿಯ ಧೂಳಿನಿಂದ ಹಿಡಿದು ಬರ್ಮಾದ ಕೆಸರಿನವರೆಗೆ ತರಬೇತಿಯಿಲ್ಲದ ಸೈನಿಕರ ಕೈಯಲ್ಲಿ ಅವು ಬದುಕಿದುವು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಅಗ್ಗದ ಬೆಲೆಗೆ ಮಾರಾಟವಾಗಿ ಅಂಚೆಯವರ, ರೈತರ, ಗಾರೆ ಕೆಲಸದವರ ವಾಹನಗಳಾದುವು. ಹಾಗೆ ಐರ್ಲೆಂಡಿನ ಕೊಟ್ಟಿಗೆಗಳನ್ನು ಸೇರಿ, ಕೋಳಿಗಳಿಗೆ ಆಸರೆಯಾಗಿ, ಹುಲ್ಲಿನ ಅಡಿಯಲ್ಲಿ ಮಲಗಿದವು ಕೆಲವು.

ಅಂಥ ಒಂದು ಎಂ 20 ನಮ್ಮ ಕೈಗೆ ಬಂದುದು ಕಿಲ್ಡೇರ್ ಕೌಂಟಿಯ ಒಂದು ಹೊಲಮನೆಯಿಂದ. ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ವಾಹನವನ್ನು ಕೊಳ್ಳಲು ಮುಂದೆ ಬಂದಿದ್ದ ವ್ಯಾಪಾರಿಯೊಬ್ಬ ಅದಕ್ಕೆ ಕ್ರೋಮಿಯಂ ಲೇಪ ಕೊಟ್ಟು ಮಿರುಗಿಸಿ ಹೋಟೆಲೊಂದರ ಅಂಗಳದಲ್ಲಿ ನಿಲ್ಲಿಸುವುದಾಗಿ ಹೇಳಿದ್ದನಂತೆ. ಮನೆಯೊಡತಿ ಆತನಿಗೆ ಕೊಡಲಿಲ್ಲ. ನಮಗೆ ಕೊಡುವಾಗ ಅವರು ಹಾಕಿದ ಷರತ್ತು ಒಂದೇ: ಅದು ರಸ್ತೆಯ ಮೇಲೆ ಓಡಬೇಕು. ಒಪ್ಪಿಕೊಂಡು ತಂದೆವು. ಆದುದರಿಂದ ಮುಂದೆ ಹೇಳುವ ಪ್ರತಿಯೊಂದು ನಿರ್ಧಾರದ ಹಿಂದೆ ಈ ಮಾತು ನಿಂತಿದೆ ಎಂಬುದನ್ನು ತಾವು ಗಮನದಲ್ಲಿಡಬೇಕು.

ರೋಗಿಯನ್ನು ಬಿಚ್ಚುವ ಮೊದಲು ಪರೀಕ್ಷಿಸಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಎಂಜಿನ್ ತಿರುಗುವಂತಿದ್ದರೆ ಸ್ಪಾರ್ಕ್ ಪ್ಲಗ್ಗಿನ ರಂಧ್ರದ ಮೂಲಕ ಗಾಳಿಯನ್ನು ತುಂಬಿ ಕಿವಿಗೊಡಬೇಕು. ಕಾರ್ಬುರೇಟರಿನ ಬಾಯಲ್ಲಿ ಸುಯ್ ಎಂದರೆ ಒಳಹರಿವಿನ ಕವಾಟ ಸೋರುತ್ತಿದೆ. ಹೊಗೆಕೊಳವೆಯಲ್ಲಿ ಎಂದರೆ ಹೊರಹರಿವಿನದು. ಕೆಳಗಿನ ಕ್ರ್ಯಾಂಕ್ ಕೋಶದ ಉಸಿರಾಟದ ನಳಿಕೆಯಲ್ಲಿ ಕೇಳಿಸಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ನಮ್ಮ ಈ ರೋಗಿಯಾದರೋ ತಿರುಗುವ ಸ್ಥಿತಿಯಲ್ಲೇ ಇರಲಿಲ್ಲ. ಪಿಸ್ಟನ್ ಗೋಡೆಗೆ ಕಚ್ಚಿಕೊಂಡಿತ್ತು. ಇಂಥಲ್ಲಿ ಬಲಪ್ರಯೋಗ ಕೂಡದು. ತೆಳುವಾದ ಎಣ್ಣೆಯನ್ನು ಸುರಿದು, ದಿನವೂ ತುಸು ಕಾಯಿಸಿ, ವಾರಗಟ್ಟಲೆ ಕಾಯಬೇಕು. ಹನ್ನೊಂದನೆಯ ದಿನ ಅದು ಸಡಿಲವಾಯಿತು.

ಮುಚ್ಚಳವನ್ನು ಎತ್ತಿದಾಗ ಕಂಡದ್ದು ಸಂತೋಷದ ನೋಟವಾಗಿರಲಿಲ್ಲ. ಇಲ್ಲಿ ಅಳತೆಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ಈ ಯಂತ್ರಗಳ ಲೆಕ್ಕವೆಲ್ಲ ಅಂಗುಲದ ಸಾವಿರದ ಒಂದು ಪಾಲಿನಲ್ಲಿ. ನಮ್ಮ ಊರಿನ ಲೇತ್ ಕೆಲಸದವರು ಇದನ್ನು ‘ಥೌ’ ಎನ್ನುತ್ತಾರೆ, ಇಲ್ಲಿನವರೂ ಹಾಗೆಯೇ ಎನ್ನುತ್ತಾರೆ. ಸಿಲಿಂಡರಿನ ಒಳಗೋಡೆ ಎಲ್ಲ ಕಡೆ ಒಂದೇ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗು ತಲುಪುವ ಎತ್ತರದಲ್ಲಿ, ಎಣ್ಣೆ ಕಡಿಮೆಯಾಗಿ ಬೆಂಕಿ ಹೆಚ್ಚಾಗಿರುವಲ್ಲಿ, ಸವೆತ ಅತಿ ಹೆಚ್ಚು. ಅದರ ಮೇಲೆ ಬದಿಕವಾಟದ ಎಂಜಿನ್‌ಗೆ ತನ್ನದೇ ಆದ ಇನ್ನೊಂದು ತೊಂದರೆ: ಉರಿದ ಅನಿಲ ಹೊರಹೋಗುವ ದಾರಿ ಸಿಲಿಂಡರಿನ ಗೋಡೆಗೆ ತಾಗಿಕೊಂಡೇ ಸಾಗುವುದರಿಂದ ಆ ಮಗ್ಗುಲು ಸದಾ ಹೆಚ್ಚು ಕಾದು, ವೃತ್ತವಾಗಿರಬೇಕಾದುದು ಅಂಡಾಕಾರಕ್ಕೆ ತಿರುಗುತ್ತದೆ. ಆದ್ದರಿಂದ ಮೇಲೆ, ನಡುವೆ, ಕೆಳಗೆ, ಪ್ರತಿಯೊಂದರಲ್ಲೂ ಎರಡು ದಿಕ್ಕಿನಲ್ಲಿ ಅಳೆಯಬೇಕು. ಸವೆತ ಏಳೆಂಟು ಥೌ ದಾಟಿದರೆ ರೀಬೋರ್ ಮಾಡಿಸಿ, ಅಂದರೆ ಗೋಡೆಯನ್ನು ಕೊರೆದು ಹಿಗ್ಗಿಸಿ, ದೊಡ್ಡ ಪಿಸ್ಟನ್ ಹಾಕಬೇಕು. ಸಾಮಾನ್ಯವಾಗಿ 20, 40, 60 ಥೌ ಎಂದು ಮೂರು ಮೆಟ್ಟಿಲು. ಪ್ರತಿಯೊಂದು ರೀಬೋರೂ ಸಿಲಿಂಡರಿನ ಆಯುಸ್ಸಿನಲ್ಲಿ ಒಂದು ಪಾಲನ್ನು ಖರ್ಚುಮಾಡುತ್ತದೆ. ಹೊಳಪಿನ ಆಸೆಗಾಗಿ, ಅಗತ್ಯವಿಲ್ಲದೆ ರೀಬೋರ್ ಮಾಡಿಸುವವರನ್ನು ಕಂಡರೆ ನಮಗೆ ಬೇಸರವಾಗುತ್ತದೆ.

ಕಿಲ್ಡೇರಿನ ಸಿಲಿಂಡರ್ ಆಗಲೇ 60 ಥೌ ಮೆಟ್ಟಿಲಿನಲ್ಲಿತ್ತು, ಅದರ ಮೇಲೆ ಒಂಬತ್ತು ಥೌ ಸವೆದಿತ್ತು. ಅಷ್ಟೇ ಆಗಿದ್ದರೆ ಒಳಗೆ ಲೈನರ್ ಎಂಬ ತೆಳುವಾದ ಕಬ್ಬಿಣದ ಅಂಗಿ ತೊಡಿಸಿ ಮೂಲ ಅಳತೆಗೆ ಮರಳಿಸಬಹುದಾಗಿತ್ತು. ಆದರೆ ಹೊರಹರಿವಿನ ಕವಾಟದ ಪೀಠದಿಂದ ಸಿಲಿಂಡರಿನ ಕಡೆಗೆ ಕೂದಲೆಳೆಯಂಥ ಒಂದು ಗೆರೆಯೂ ಇತ್ತು. ಈ ಎಂಜಿನ್‌ಗಳ ಅತಿ ದುರ್ಬಲವಾದ ಜಾಗವೇ ಅದು: ಒಂದು ಕಡೆ ಬೆಂಕಿ, ಇನ್ನೊಂದು ಕಡೆ ಪಿಸ್ಟನ್ನಿನ ಒತ್ತಡ, ನಡುವೆ ಕೆಲವೇ ಮಿಲಿಮೀಟರ್ ಕಬ್ಬಿಣ. ನಮಗೆ ಈ ವಿದ್ಯೆಯಲ್ಲಿ ಗುರುಸಮಾನರಾದ, ಎಂಬತ್ತರ ಅಂಚಿನಲ್ಲಿರುವ ನಿವೃತ್ತ ಫಿಟ್ಟರ್ ಒಬ್ಬರಿದ್ದಾರೆ. ಅವರು ಕೆಂಪು ಬಣ್ಣದ ದ್ರವವನ್ನು ಬಳಿದು, ಒರೆಸಿ, ಮೇಲೆ ಬಿಳಿಯ ಪುಡಿಯನ್ನು ಸಿಂಪಡಿಸಿದರು. ಬಿರುಕಿನಲ್ಲಿ ಅಡಗಿದ್ದ ಕೆಂಪು ನಿಧಾನವಾಗಿ ಮೇಲೆದ್ದು ಗೆರೆಯ ಉದ್ದವನ್ನು ತೋರಿಸಿತು. ಗೋಡೆಯನ್ನು ತಲುಪಲು ಮೂರು ಮಿಲಿಮೀಟರ್ ಉಳಿದಿತ್ತು.

“ಲೈನರ್ ಹಾಕಬೇಕಾದರೆ ಆ ಮೂರು ಮಿಲಿಮೀಟರನ್ನೇ ಕೊರೆಯಬೇಕು ಡಾಕ್ಟರೇ,” ಎಂದರು ಅವರು. “ಆ ಕಡೆ ಹೊಸ ಪೀಠ ಕೂರಿಸಬೇಕಾದರೆ ಈ ಕಡೆಯಿಂದಲೂ ಕೊರೆಯಬೇಕು. ಎರಡನ್ನೂ ಮಾಡಿದ ಮೇಲೆ ನಡುವೆ ಏನು ಉಳಿಯುತ್ತದೆ, ನೀವೇ ಹೇಳಿ.”

ಎರಡು ಅಭಿಪ್ರಾಯಗಳು ಎದುರುಬದುರಾದುವು. ಹಳೆಯ ವಾಹನಗಳ ಪ್ರಿಯರಲ್ಲಿ ಮೂಲ ಭಾಗವನ್ನು ಎಷ್ಟೇ ಕಷ್ಟವಾದರೂ ಉಳಿಸಬೇಕೆನ್ನುವ ಪಂಗಡವೊಂದಿದೆ. ಅವರ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ದೇವಾಲಯದ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಂಬಗಳಿಗೆ ಎಣ್ಣೆಬಣ್ಣ ಬಳಿದು, ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿದ್ದನ್ನು ನಾವೆಲ್ಲ ನಮ್ಮ ಊರುಗಳಲ್ಲಿ ನೋಡಿ ನೊಂದವರೇ. ಆದರೆ ಬಿರುಕು ಬಿಟ್ಟ ಸಿಲಿಂಡರನ್ನು ತೊಟ್ಟು ರಸ್ತೆಗಿಳಿದರೆ ಮೊದಲ ಏರಿನಲ್ಲೇ ಗೋಡೆ ಸೀಳಬಹುದು. ಈ ವಾಹನದ ಗುರುತಿನ ಸಂಖ್ಯೆಗಳು ಕೆತ್ತಿರುವುದು ಕ್ರ್ಯಾಂಕ್ ಕೋಶದ ಮೇಲೆ ಹಾಗೂ ಚೌಕಟ್ಟಿನ ಮೇಲೆ, ಸಿಲಿಂಡರಿನ ಮೇಲಲ್ಲ. ಅದು ಸವೆಯಲೆಂದೇ, ಬದಲಿಸಲೆಂದೇ ಮಾಡಿದ ಭಾಗ. ಸೇನೆಯ ಕಾರ್ಯಾಗಾರಗಳೂ ಅದನ್ನು ಹಾಗೆಯೇ ನಡೆಸಿಕೊಂಡವು. ಆದ್ದರಿಂದ ಹಳೆಯ ಬಿಡಿಭಾಗಗಳ ಸಂತೆಯೊಂದರಲ್ಲಿ 20 ಥೌ ಮೆಟ್ಟಿಲಿನ, ಬಿರುಕಿಲ್ಲದ, ಅದೇ ಕಾಲದ ಸಿಲಿಂಡರೊಂದನ್ನು ಹುಡುಕಿ ತಂದು 40ಕ್ಕೆ ಕೊರೆಸಿದೆವು. ಹಳೆಯದನ್ನು ಎಣ್ಣೆ ಬಳಿದು ಕಟ್ಟಿ ವಾಹನದ ದಾಖಲೆಗಳ ಜೊತೆಯಲ್ಲೇ ಇರಿಸಿದ್ದೇವೆ. ಮನೆಯೊಡತಿಗೆ ಇದನ್ನು ಹೇಗೆ ತಿಳಿಸುವುದೆಂದು ನಮಗೆ ಅಳುಕಿತ್ತು. ಅವರು ಪೂರ್ತಿ ಕೇಳಿಸಿಕೊಂಡು, “ಈಗ ಓಡುತ್ತದೆಯಷ್ಟೇ?” ಎಂದರು.

ಕೊರೆಸುವಾಗ ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದನ್ನು ನಿರ್ಧರಿಸುವುದು ಬಹಳ ಮುಖ್ಯ. ಅಲ್ಯೂಮಿನಿಯಮ್ ಕಾದಾಗ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಈಗಿನ ನೀರು ತಂಪಿನ ಎಂಜಿನ್‌ಗಳಿಗೆ ಒಗ್ಗಿದ ಕಾರ್ಯಾಗಾರಗಳು ಬಿಗಿಯಾದ ಸಂದನ್ನೇ ಉತ್ತಮವೆಂದು ತಿಳಿದು ಹಾಗೆಯೇ ಕೊರೆದುಕೊಡುತ್ತವೆ. ಬದಿಕವಾಟದ ಕಬ್ಬಿಣದ ಸಿಲಿಂಡರ್ ಕಾದಾಗ ಸೊಟ್ಟಗಾಗುವುದರಿಂದ ಅದಕ್ಕೆ ನಾಲ್ಕೈದು ಥೌ ಬೇಕು. ಕಡಿಮೆ ಕೊಟ್ಟರೆ ಮೊದಲ ಐವತ್ತು ಮೈಲಿಯೊಳಗೆ ಕಚ್ಚಿಕೊಳ್ಳುತ್ತದೆ. ರಿಂಗಿನ ತುದಿಗಳ ನಡುವಿನ ಸಂದಿಗೆ, ವ್ಯಾಸದ ಪ್ರತಿ ಅಂಗುಲಕ್ಕೆ ಮೂರರಿಂದ ನಾಲ್ಕು ಥೌ ಎಂಬ ಹಳೆಯ ಲೆಕ್ಕ ಸರಿಯಾಗಿಯೇ ಇದೆ.

ಇನ್ನು ಕವಾಟಗಳು. ಪೀಠದ ಮೇಲೆ ಅರೆಯುವ ಲೇಪವನ್ನು ಹಚ್ಚಿ, ಕವಾಟವನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವಂತೆ ಅತ್ತಿತ್ತ ತಿರುಗಿಸಿ, ಆಗಾಗ ಎತ್ತಿ ಜಾಗ ಬದಲಿಸಿ, ಬೂದು ಬಣ್ಣದ ಅಖಂಡವಾದ ಉಂಗುರ ಮೂಡುವವರೆಗೆ ಅರೆಯಬೇಕು. ಅಡುಗೆ ಮನೆಯಲ್ಲಿ ಒರಳಿನ ಅಭ್ಯಾಸವಿದ್ದವರಿಗೆ ಇದು ಬೇಗ ಒಗ್ಗುತ್ತದೆ. ಅರೆದಷ್ಟೂ ಕವಾಟ ಕೆಳಗಿಳಿಯುತ್ತದೆ, ಇಳಿದಷ್ಟೂ ಅದರ ಕಾಂಡಕ್ಕೂ ಟ್ಯಾಪೆಟ್ಟಿಗೂ ನಡುವಿನ ಸಂದು ಕುಗ್ಗುತ್ತದೆ. ಎಂ 20ಗೆ ಎಂಜಿನ್ ತಣ್ಣಗಿರುವಾಗ ಒಳಹರಿವಿಗೆ 10 ಥೌ, ಹೊರಹರಿವಿಗೆ 12 ಥೌ ಇರಬೇಕೆಂದು ತಯಾರಕರ ಸೂಚನೆ. ಏಕೆಂದರೆ ಕಾದ ಕಾಂಡ ಉದ್ದವಾಗುತ್ತದೆ. ಸಂದು ಇಲ್ಲದಿದ್ದರೆ ಕವಾಟ ಪೀಠದ ಮೇಲೆ ಪೂರ್ತಿ ಕೂರುವುದಿಲ್ಲ. ಕೂರದಿದ್ದರೆ ತನ್ನ ಕಾವನ್ನು ಪೀಠಕ್ಕೆ ಕೊಡಲಾರದು. ಕೊಡಲಾರದೆ ಅಂಚು ಸುಟ್ಟುಹೋಗುತ್ತದೆ. ಟಕ್ ಟಕ್ ಎಂಬ ಸದ್ದನ್ನು ರೋಗವೆಂದು ತಿಳಿದು ಸಂದನ್ನು ಮುಚ್ಚುವವರು ಅನೇಕರಿದ್ದಾರೆ. ಹೃದಯದಲ್ಲಿ ಅಸಹಜ ಸದ್ದು ಕೇಳಿದರೆ ನಾವು ಚಿಂತಿಸುತ್ತೇವೆ. ಇಲ್ಲಿ ಮಾತ್ರ ಮೌನವೇ ಚಿಂತೆಯ ವಿಷಯ.

ಕೆಳಭಾಗದ ವಿಷಯವನ್ನು ಬೇಗ ಮುಗಿಸುತ್ತೇವೆ, ಏಕೆಂದರೆ ಅದನ್ನು ಮನೆಯಲ್ಲಿ ಮಾಡುವಂತಿಲ್ಲ. ಬಿಗ್ ಎಂಡ್ ಬೇರಿಂಗು ಸವೆದಿದ್ದರೆ ಭಾರವಾದ ಎರಡು ಚಕ್ರಗಳನ್ನು ಒತ್ತುಯಂತ್ರದಲ್ಲಿ ಬೇರ್ಪಡಿಸಿ, ಮತ್ತೆ ಜೋಡಿಸಿ, ಒಂದೆರಡು ಥೌ ಒಳಗೆ ನೇರವಾಗಿ ತಿರುಗುವಂತೆ ಮಾಡಬೇಕು. ಅದು ಅನುಭವಿಗಳ ಕೆಲಸ. ಮನೆಯಲ್ಲಿ ಮಾಡಬಹುದಾದುದು ಮಡ್ಡಿಯನ್ನು ಕೆರೆದು ತೆಗೆಯುವುದು ಮತ್ತು ತಾಮ್ರದ ಗ್ಯಾಸ್ಕೆಟ್ಟನ್ನು ಹದಗೊಳಿಸುವುದು. ಕಬ್ಬಿಣವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆ ಎಂದು ನಮ್ಮ ಕಮ್ಮಾರರಿಂದ ಕೇಳಿ ಬಲ್ಲೆವು. ತಾಮ್ರದ ಸ್ವಭಾವ ಬೇರೆ: ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗಿ ಹಳೆಯ ಗ್ಯಾಸ್ಕೆಟ್ ಹೊಸದರಂತೆ ಕೂರುತ್ತದೆ.

ಪಾನಾಗಳ ವಿಷಯದಲ್ಲೂ ಒಂದು ಮಾತು. ಈ ವಾಹನಗಳ ಬೋಲ್ಟುಗಳಿಗೆ ಮಿಲಿಮೀಟರ್ ಪಾನಾ ಹೊಂದುವುದಿಲ್ಲ, ಅಮೆರಿಕದ ಅಂಗುಲದ ಪಾನಾವೂ ಹೊಂದುವುದಿಲ್ಲ. ವಿಟ್‌ವರ್ತ್ ಪಾನಾಗಳ ಮೇಲೆ ಬರೆದಿರುವ ಅಳತೆ ಪಾನಾದ ಬಾಯಿಯದಲ್ಲ, ಬೋಲ್ಟಿನ ಕಾಂಡದ ದಪ್ಪದ್ದು. ಇದನ್ನು ತಿಳಿಯದೆ ಹತ್ತಿರದ ಮಿಲಿಮೀಟರ್ ಪಾನಾ ಹಾಕಿ ಮೂಲೆಗಳನ್ನು ಉರುಟು ಮಾಡಿದ ಬೋಲ್ಟುಗಳಿಗೆ ಲೆಕ್ಕವಿಲ್ಲ.

ಜೋಡಣೆ ಮುಗಿದ ಮೇಲೆ ಬರುವುದು ಶ್ರುತಿಗೊಳಿಸುವ ಕೆಲಸ. ಇದಕ್ಕೆ ಒಂದು ಕ್ರಮವಿದೆ. ಮೊದಲು ಟ್ಯಾಪೆಟ್, ಆಮೇಲೆ ಕಿಡಿ, ಕೊನೆಗೆ ಕಾರ್ಬುರೇಟರ್. ತಂಬೂರಿಯ ಶ್ರುತಿ ಸೇರಿಸದೆ ಹಾಡುಗಾರನನ್ನು ದೂರಿದಂತೆ, ಕಿಡಿಯನ್ನು ಸರಿಪಡಿಸದೆ ಕಾರ್ಬುರೇಟರಿನ ಜೆಟ್ಟುಗಳನ್ನು ಬದಲಿಸುತ್ತ ಕೂತವರಿಗೆ ಸಂಜೆಯಾದರೂ ಫಲ ಸಿಗದು. ಕಿಡಿ ಹುಟ್ಟಿಸುವುದು ಮ್ಯಾಗ್ನೆಟೊ. ಬ್ಯಾಟರಿ ಬೇಡದ ಈ ಯಂತ್ರದ ತಂತಿಸುರುಳಿಯನ್ನು ಆ ಕಾಲದಲ್ಲಿ ಅರಗಿನಿಂದ ಮುದ್ರಿಸುತ್ತಿದ್ದರು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು. ಕಾವು ಹೆಚ್ಚಾದರೆ ಅರಗು ಕರಗುತ್ತದೆ ಎಂಬುದು ಮಹಾಭಾರತ ಬಲ್ಲ ನಮಗೆ ಹೇಳಿಕೊಡಬೇಕಾದುದೇನಲ್ಲ. ತಣ್ಣಗಿರುವಾಗ ಒಂದೇ ಒದೆತಕ್ಕೆ ಹೊತ್ತಿಕೊಂಡು, ಹತ್ತು ಮೈಲಿ ಓಡಿ ಕಾದ ಮೇಲೆ ನಿಂತುಹೋಗಿ, ಒಂದು ಗಂಟೆ ಆರಿದ ಬಳಿಕ ಮತ್ತೆ ಹೊರಡುವ ಎಂಜಿನ್‌ನ ರೋಗ ಬಹುಮಟ್ಟಿಗೆ ಇಲ್ಲಿಯೇ, ಮ್ಯಾಗ್ನೆಟೊದ ಸುರುಳಿಯಲ್ಲಿ ಅಥವಾ ಅದರೊಳಗಿನ ಹಳೆಯ ಕಂಡೆನ್ಸರಿನಲ್ಲಿ ಇರುತ್ತದೆ. ಪೆಟ್ರೋಲಿನ ನಳಿಕೆಯನ್ನು ಶಂಕಿಸಿ ಕಾಲ ಕಳೆಯಬಾರದು.

ಕಿಡಿಯ ಹೊತ್ತನ್ನು ಸವಾರನೇ ಹ್ಯಾಂಡಲಿನ ಮೇಲಿನ ಸನ್ನೆಯಿಂದ ಹಿಂದುಮುಂದು ಮಾಡಬೇಕು. ಪೂರ್ತಿ ಮುಂದಕ್ಕೆ ಇಟ್ಟಾಗ ಪಿಸ್ಟನ್ ತುದಿ ತಲುಪಲು ಅಂಗುಲದ ಹದಿನಾರನೆಯ ಏಳು ಪಾಲು ಇರುವಾಗ ಕಿಡಿ ಹಾರಬೇಕು. ಆ ಕ್ಷಣವನ್ನು ಹಿಡಿಯಲು ಪಾಯಿಂಟುಗಳ ನಡುವೆ ಸಿಗರೇಟು ಕಾಗದದ ಚೂರನ್ನಿಟ್ಟು, ಅದು ಸಡಿಲವಾಗುವ ಗಳಿಗೆಯನ್ನು ಬೆರಳಿನಿಂದ ಗುರುತಿಸುವ ಹಳೆಯ ಪದ್ಧತಿಯೇ ನಮಗೆ ಇಷ್ಟ. ವೈದ್ಯನ ಮನೆಯಲ್ಲಿ ಸಿಗರೇಟು ಕಾಗದಕ್ಕೆ ಇರುವ ಏಕೈಕ ಸದುಪಯೋಗವೂ ಇದೇ. ಹೊರಡಿಸುವಾಗ ಸನ್ನೆಯನ್ನು ತುಸು ಹಿಂದಕ್ಕೆ ಎಳೆದಿರಬೇಕು. ಮರೆತರೆ ಎಂಜಿನ್ ಹಿಮ್ಮುಖವಾಗಿ ಒದೆಯುತ್ತದೆ. ಹಾಗೆ ಒದೆಸಿಕೊಂಡು ಮುರಿದ ಕಾಲಿನ ಗಂಟುಗಳನ್ನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನೋಡಿದ್ದೇವೆ.

ಕಾರ್ಬುರೇಟರಿನಲ್ಲಿ ಯಾವ ಭಾಗ ಯಾವ ಹಂತದಲ್ಲಿ ಆಳುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ನಿಂತಲ್ಲಿ ಓಡುವಾಗ ಪೈಲಟ್ ತಿರುಪು, ಥ್ರಾಟಲ್ ಎಂಟನೆಯ ಒಂದರಿಂದ ಕಾಲುಭಾಗದವರೆಗೆ ಸ್ಲೈಡಿನ ಕೊರೆತ, ಕಾಲರಿಂದ ಮುಕ್ಕಾಲರವರೆಗೆ ಸೂಜಿಯ ಎತ್ತರ, ಅದರ ಮೇಲೆ ಮುಖ್ಯ ಜೆಟ್. ಏರಿನಲ್ಲಿ ಮಾತ್ರ ಕೆಮ್ಮುವ ಎಂಜಿನ್‌ಗೆ ಪೈಲಟ್ ತಿರುಪನ್ನು ತಿರುಗಿಸಿ ಪ್ರಯೋಜನವೇನು?

ಈಗಿನ ಪೆಟ್ರೋಲಿನ ವಿಷಯದಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಮೊದಲನೆಯದು ಸೀಸದ್ದು. ಐರ್ಲೆಂಡಿನಲ್ಲೂ ಭಾರತದಲ್ಲೂ ಸೀಸ ಬೆರೆತ ಪೆಟ್ರೋಲು ಮಾರಾಟದಿಂದ ಹೋದುದು 2000ದಲ್ಲಿ. ಜಗತ್ತಿನ ಕೊನೆಯ ದೇಶವಾದ ಅಲ್ಜೀರಿಯ 2021ರಲ್ಲಿ ನಿಲ್ಲಿಸಿತು. ಸೀಸವಿಲ್ಲದೆ ಹಳೆಯ ಕವಾಟದ ಪೀಠಗಳು ಹಾಳಾಗುವುವೆಂದು ಕೊರಗುವ ಮಿತ್ರರಿದ್ದಾರೆ. ಯುದ್ಧಕಾಲದಲ್ಲಿ ಎಂ 20 ಕುಡಿದುದು ಈಗಿನದಕ್ಕಿಂತ ಎಷ್ಟೋ ಕೀಳು ದರ್ಜೆಯ ಪೆಟ್ರೋಲು. ಅದರ ಒತ್ತಡದ ಪ್ರಮಾಣ 4.9 ಮಾತ್ರ; ನಾಕಿಂಗ್ ತಡೆಯಲು ಅದಕ್ಕೆ ಸೀಸ ಬೇಕಿಲ್ಲ, ನಿಧಾನವಾಗಿ ಓಡಿಸುವವರ ಪೀಠಗಳೂ ಬೇಗ ಸವೆಯುವುದಿಲ್ಲ. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿಯನ್ನು ಓದಿಕೊಂಡವರಾರೂ ಅದು ಹೋಯಿತೆಂದು ದುಃಖಪಡಲಾರರು. ಎರಡನೆಯದು ಎಥನಾಲ್. 2023ರಿಂದ ಇಲ್ಲಿನ ಬಂಕುಗಳಲ್ಲಿ ಇ10 ಸಾಮಾನ್ಯವಾಗಿದೆ. ಇದು ನಿಜವಾದ ತೊಡಕು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನೂ ಟ್ಯಾಂಕಿನ ಒಳಲೇಪವನ್ನೂ ತಿನ್ನುತ್ತದೆ, ಮಿಶ್ರಣವನ್ನು ನೂರಕ್ಕೆ ಮೂರು ನಾಲ್ಕರಷ್ಟು ತೆಳುವಾಗಿಸುತ್ತದೆ. ನಳಿಕೆಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿ, ಮುಖ್ಯ ಜೆಟ್ಟನ್ನು ಒಂದು ಅಳತೆ ಹಿಗ್ಗಿಸಿ, ಚಳಿಗಾಲದಲ್ಲಿ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಡಬೇಕು.

ವೈದ್ಯರಾಗಿ ಇಷ್ಟನ್ನು ಹೇಳದಿದ್ದರೆ ತಪ್ಪಾದೀತು. ಹಳೆಯ ಬ್ರೇಕು ಮತ್ತು ಕ್ಲಚ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತದೆ. ಯೂರೋಪಿನಲ್ಲಿ 2005ರಿಂದ ಅದರ ಬಳಕೆಗೆ ನಿಷೇಧವಿದ್ದರೂ ಕೊಟ್ಟಿಗೆಯಿಂದ ಬಂದ ವಾಹನಕ್ಕೆ ಕಾನೂನು ತಿಳಿಯದು. ಆ ಧೂಳನ್ನು ಗಾಳಿಯಿಂದ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಿ ಚೀಲದಲ್ಲಿ ಕಟ್ಟಬೇಕು. ಚಳಿಯೆಂದು ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಎಂಜಿನ್ ಓಡಿಸುವುದಂತೂ ಸರ್ವಥಾ ಕೂಡದು. ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ.

ವೆಚ್ಚದ ದೃಷ್ಟಿಯಿಂದ ಈ ದೇಶ ಉದಾರವಾಗಿದೆ. ಮೂವತ್ತು ವರ್ಷ ಮೀರಿದ ಮೋಟಾರ್ ಸೈಕಲ್‌ಗೆ ವಾರ್ಷಿಕ ತೆರಿಗೆ 26 ಯೂರೋ ಮಾತ್ರ. ಹೊರಗಿನಿಂದ ತಂದುದಾದರೆ ನೋಂದಣಿ ತೆರಿಗೆ 200 ಯೂರೋ. ಐರಿಷ್ ವೆಟರನ್ ಅಂಡ್ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ಬಿನಂಥ ಸಂಘಗಳಲ್ಲಿ ಹಿರಿಯ ಕುಶಲಿಗಳ ಪರಿಚಯವಾಗುತ್ತದೆ. ನಮ್ಮ ಫಿಟ್ಟರ್ ಗುರುಗಳ ಮಾತಿನಂತೆ, ಬಿಡಿಭಾಗ ಇಂದಲ್ಲ ನಾಳೆ ಸಿಗುತ್ತದೆ, ಅದನ್ನು ಕೂರಿಸಬಲ್ಲ ಕೈ ಸಿಗುವುದೇ ಕಷ್ಟ. ಅವರ ಬೆರಳುಗಳಿಗೆ ಈಗ ಸಂಧಿವಾತ. ಅವರು ಕುರ್ಚಿಯಲ್ಲಿ ಕುಳಿತು ಹೇಳುತ್ತಾರೆ, ನಾವು ಮಾಡುತ್ತೇವೆ, ನಮ್ಮ ಮಗಳು ಬರೆದುಕೊಳ್ಳುತ್ತಾಳೆ. ಕನ್ನಡ ಅಂಕಿಗಳಲ್ಲಿ ಬರೆದ ಆ ಪುಸ್ತಕವನ್ನು ಅವರು ತಲೆಕೆಳಗು ಮಾಡಿ ನೋಡಿ, ಹತ್ತರ ಜಾಗದಲ್ಲಿ ಹನ್ನೆರಡಿಲ್ಲವಷ್ಟೇ ಎಂದು ಖಚಿತಪಡಿಸಿಕೊಳ್ಳುತ್ತಾರೆ.

ಕಿಲ್ಡೇರಿನ ಎಂ 20 ಕಳೆದ ಬೇಸಿಗೆಯಿಂದ ಓಡುತ್ತಿದೆ. ಹೊಸ ರಿಂಗುಗಳು ಗೋಡೆಗೆ ಹೊಂದಿಕೊಳ್ಳುವವರೆಗೆ, ಅಂದರೆ ಮೊದಲ ಐನೂರು ಮೈಲಿ, ಗಂಟೆಗೆ ಮೂವತ್ತು ಮೈಲಿ ದಾಟಿಸಲಿಲ್ಲ. ಮೊದಲ ಕಾವಿನ ನಂತರ ಪೂರ್ತಿ ತಣ್ಣಗಾಗಲು ಬಿಟ್ಟು ಹೆಡ್ಡಿನ ಬೋಲ್ಟುಗಳನ್ನು ಅಡ್ಡಾದಿಡ್ಡಿ ಕ್ರಮದಲ್ಲಿ ಮತ್ತೊಮ್ಮೆ ಬಿಗಿದು, ಟ್ಯಾಪೆಟ್ಟುಗಳನ್ನು ಮತ್ತೆ ಅಳೆದೆವು. ವಾರಗಟ್ಟಲೆ ನಿಂತಾಗ ಟ್ಯಾಂಕಿನ ಎಣ್ಣೆ ಪಂಪಿನ ಮೂಲಕ ಜಿನುಗಿ ಕ್ರ್ಯಾಂಕ್ ಕೋಶದಲ್ಲಿ ತುಂಬಿಕೊಳ್ಳುವ ಹುಟ್ಟುಗುಣ ಅದಕ್ಕಿದೆ. ಹೊರಡಿಸುವ ಮೊದಲು ಕೆಳಗಿನ ತಟ್ಟೆ ಬಿಚ್ಚಿ ಬಸಿದರೆ ಸಾಕು.

ಮೋಟಾರ್ ಸೈಕಲ್ ಇಲ್ಲದವರು ನಿರಾಶರಾಗಬೇಕಿಲ್ಲ. ಹಿತ್ತಲಿನ ಕೋಣೆಯಲ್ಲಿ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್‌ನ ಹಳೆಯ ಹುಲ್ಲು ಕತ್ತರಿಸುವ ಯಂತ್ರವಿದ್ದರೆ, ಅದು ಬಹುತೇಕ ಬದಿಕವಾಟದ್ದೇ. ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಹೆಡ್ಡಿನ ಬೋಲ್ಟುಗಳನ್ನು ಬಿಚ್ಚಿ ಮುಚ್ಚಳ ಎತ್ತಿ, ಹಗ್ಗವನ್ನು ನಿಧಾನವಾಗಿ ಎಳೆಯಿರಿ. ಎರಡು ಕವಾಟಗಳು ಒಂದರ ಹಿಂದೆ ಒಂದು ಏಳುವುದೂ ಕೂರುವುದೂ ಕಾಣುತ್ತದೆ. ಪಾನಾ ಹಿಡಿಯುವ ಮೊದಲು ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ ದೂರಕ್ಕೆ ಬಾಗಿಸಿ ಇಡುವುದನ್ನು ಮಾತ್ರ ಮರೆಯಬಾರದು. ಅಡಿಯಲ್ಲಿರುವ ಅಲಗು ಇನ್ನೂ ಹರಿತವಾಗಿರುತ್ತದೆ.